ಹೇಳಿದ ದಿನಕ್ಕೆ ಕೆಲಸ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯು ದೇವಸ್ಥಾನದ ಅನುಭವದಿಂದ ಹುಟ್ಟಿತೋ ಕಚೇರಿಯ ಅನುಭವದಿಂದ ಹುಟ್ಟಿತೋ ಹೇಳುವುದು ಕಷ್ಟ. ವಿಧವೆಗೆ ಮಾಸಾಶನವನ್ನೂ, ಬಡ ವಿದ್ಯಾರ್ಥಿಗೆ ವೇತನವನ್ನೂ, ರೈತನಿಗೆ ಅವನ ಹೊಲದ ಪಹಣಿಯನ್ನೂ ಕೊಡತಕ್ಕುದೆಂದು ರಾಜಧಾನಿಯಲ್ಲಿ ಕಾನೂನು ಮಾಡಿದ ಮಾತ್ರದಿಂದ ಅವು ಮನೆಯ ಬಾಗಿಲಿಗೆ ಬಂದು ಸೇರುವುದಿಲ್ಲ. ನಡುವೆ ಒಂದು ಕಚೇರಿಯಿದೆ. ಕಚೇರಿಯಲ್ಲಿ ಒಂದು ಮೇಜಿದೆ. ಮೇಜಿನ ಮೇಲೆ ಒಂದು ಅರ್ಜಿಯಿದೆ. ಆ ಅರ್ಜಿಯು ಎಷ್ಟು ದಿನ ಅಲ್ಲಿ ಮಲಗಿರುತ್ತದೆಯೆಂಬುದರ ಮೇಲೆ ಎಷ್ಟೋ ಸಂಸಾರಗಳ ಸುಖದುಃಖಗಳು ನಿಂತಿವೆ. ಆದಾಯದ ಪ್ರಮಾಣಪತ್ರವು ಹದಿನೈದು ದಿನ ತಡವಾದರೆ ಗುಮಾಸ್ತನಿಗೆ ಅದು ಹದಿನೈದು ದಿನ ಮಾತ್ರ. ಆದರೆ ಕಾಲೇಜಿನ ಪ್ರವೇಶಕ್ಕೆ ಕಾದು ಕುಳಿತ ಹುಡುಗಿಗೆ ಅದು ಒಂದು ವರ್ಷ. ಒಮ್ಮೊಮ್ಮೆ ಓದಿನ ಕೊನೆಯೂ ಆದೀತು.

ಈ ತಡವನ್ನು ತಪ್ಪಿಸುವುದಕ್ಕೆ ಏನು ಉಪಾಯ? ಅಧಿಕಾರಿಗಳು ಒಳ್ಳೆಯವರಾಗಬೇಕೆಂದು ಹಾರೈಸುವುದು ಸುಲಭ, ಅದರಿಂದ ಕಾರ್ಯವಾಗುವುದಿಲ್ಲ. ಒಳ್ಳೆಯವರು ಕಚೇರಿಗಳಲ್ಲಿ ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅವರ ಒಳ್ಳೆಯತನಕ್ಕೆ ಆಧಾರವಾಗಿಯೂ ಸೋಮಾರಿಗಳಿಗೆ ಅಂಕುಶವಾಗಿಯೂ ನಿಲ್ಲುವ ಒಂದು ಪದ್ಧತಿ ಬೇಕು. ಕೆಲಸವನ್ನು ಅಳೆಯುವುದೇ ಆ ಪದ್ಧತಿಯೆಂದು ಈ ಕಾಲದ ಆಡಳಿತಶಾಸ್ತ್ರವು ಹೇಳುತ್ತದೆ. ಆದರೆ ಅಳತೆಯ ಕೋಲು ಯಾರ ಕೈಯಲ್ಲಿರಬೇಕು, ಅದರಿಂದ ಏನನ್ನು ಅಳೆಯಬೇಕು ಎಂಬ ವಿಚಾರವನ್ನು ಗೃಹಸ್ಥರಾದ ನಾವೆಲ್ಲರೂ ತಿಳಿದಿರುವುದು ಅವಶ್ಯಕ.

ಅಂಗಡಿಗೂ ಕಚೇರಿಗೂ ಇರುವ ಭೇದ

ಪೇಟೆಯ ಅಂಗಡಿಯವನು ತೂಕದಲ್ಲಿ ಕಡಮೆ ಮಾಡಿದರೆ, ಇಲ್ಲವೆ ಗಿರಾಕಿಯನ್ನು ಅರ್ಧ ಗಂಟೆ ನಿಲ್ಲಿಸಿದರೆ, ನಾವು ಎದುರಿನ ಅಂಗಡಿಗೆ ಹೋಗುತ್ತೇವೆ. ಸಂಜೆ ಹಣದ ಪೆಟ್ಟಿಗೆಯನ್ನು ತೆರೆದಾಗ ಅವನ ತಪ್ಪು ಅವನಿಗೇ ಗೊತ್ತಾಗುತ್ತದೆ. ತಾಲ್ಲೂಕು ಕಚೇರಿಗೆ ಎದುರು ಅಂಗಡಿಯಿಲ್ಲ. ಪಹಣಿಯನ್ನು ಸರಕಾರವು ಕೊಡದಿದ್ದರೆ ಬೇರೊಬ್ಬರಿಂದ ಕೊಂಡು ತರುವಂತಿಲ್ಲ. ಜನರು ಬೇಸತ್ತು ಹಿಂದಿರುಗಿದರೂ ಕಚೇರಿಗೆ ನಷ್ಟವಿಲ್ಲ, ಸಂಬಳವೂ ನಿಲ್ಲುವುದಿಲ್ಲ. ವ್ಯಾಪಾರದಲ್ಲಿ ಗಿರಾಕಿಯ ಕಾಲುಗಳು ಮಾಡುವ ಕೆಲಸವನ್ನು ಸರಕಾರದಲ್ಲಿ ಬೇರೊಂದು ಸಾಧನವು ಮಾಡಬೇಕಾಗಿದೆ. ಆ ಸಾಧನವೇ ಅಳತೆ.

ಇದು ನಮ್ಮ ನಾಡಿಗೆ ತೀರ ಹೊಸ ಮಾತಲ್ಲ. ೧೯೧೨ರಿಂದ ೧೯೧೮ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಹಣದ ಲೆಕ್ಕವನ್ನು ತನಿಖೆ ಮಾಡುವಂತೆ ಕಚೇರಿಗಳ ದಕ್ಷತೆಯನ್ನೂ ತನಿಖೆ ಮಾಡಬೇಕೆಂದು ಬಗೆದು ಅದಕ್ಕೆ ಏರ್ಪಾಡು ಮಾಡಿದ್ದರು. ಆದರೆ ಅದು ಮೇಲಿನವರು ಕೆಳಗಿನವರನ್ನು ನೋಡುವ ಪರೀಕ್ಷೆ. ಕಚೇರಿಯ ಹೊರಗೆ ನಿಂತವನು ಏನು ಹೇಳುತ್ತಾನೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಕ್ಕೆ ಬಹು ಕಾಲ ಹಿಡಿಯಿತು.

ಜನರು ಕೊಟ್ಟ ಅಂಕಪಟ್ಟಿ

ಆ ಕಾರ್ಯವು ಬೆಂಗಳೂರಿನಲ್ಲಿಯೇ ಮೊದಲಾಯಿತೆಂಬುದು ಸಂತೋಷದ ಸಂಗತಿ. ಸ್ಯಾಮ್ಯುಯೆಲ್ ಪಾಲ್ ಎಂಬ ವಿದ್ವಾಂಸರು ನಗರದ ನಿವಾಸಿಗಳನ್ನು ವಿಚಾರಿಸಿ, ೧೯೯೪ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಕೇಳಿದ ಪ್ರಶ್ನೆಗಳು ಸರಳವಾದುವು: ನಿಮ್ಮ ಕೆಲಸಕ್ಕಾಗಿ ಎಷ್ಟು ಸಲ ಅಲೆದಿರಿ? ಕೆಲಸವಾಯಿತೆ? ಲಂಚ ಕೊಡಬೇಕಾಯಿತೆ? ಶಾಲೆಯ ಮಕ್ಕಳಿಗೆ ಉಪಾಧ್ಯಾಯರು ಅಂಕಪಟ್ಟಿ ಕೊಡುವಂತೆ, ಇಲ್ಲಿ ನೀರು, ವಿದ್ಯುತ್ತು, ನಿವೇಶನ ಮೊದಲಾದುವನ್ನು ಒದಗಿಸುವ ಸಂಸ್ಥೆಗಳಿಗೆ ಜನರೇ ಅಂಕಪಟ್ಟಿ ಕೊಟ್ಟರು. ಆ ವರ್ಷ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ವಿಷಯದಲ್ಲಿ ತೃಪ್ತರೆಂದು ಹೇಳಿದವರು ನೂರಕ್ಕೆ ಒಬ್ಬರು!

ಈ ಅಂಕಪಟ್ಟಿಯಿಂದ ಯಾರಿಗೂ ದಂಡವಾಗಲಿಲ್ಲ. ಯಾರ ಸಂಬಳವೂ ಕಡಮೆಯಾಗಲಿಲ್ಲ. ಆದರೂ ಪತ್ರಿಕೆಗಳಲ್ಲಿ ಅಚ್ಚಾಗಿ ಮನೆಮನೆಗೂ ತಲಪಿದ ಅಂಕಿಯನ್ನು ಅಲ್ಲಗಳೆಯುವುದು ಸುಲಭವಾಗಿರಲಿಲ್ಲ. ೧೯೯೯ರಲ್ಲಿ ಮತ್ತೆ ವಿಚಾರಿಸಿದಾಗ ತೃಪ್ತರ ಸಂಖ್ಯೆ ನೂರಕ್ಕೆ ೧೬ಕ್ಕೆ ಬಂದಿತ್ತು. ೨೦೦೩ರಲ್ಲಿ ೮೫ಕ್ಕೆ ಏರಿತ್ತು. ನಡುವೆ ಸರಕಾರವೂ ನಾಗರಿಕರೂ ಕೂಡಿ ನಡೆಸಿದ ಸುಧಾರಣೆಗಳು ಹಲವಿದ್ದುವು. ಎಲ್ಲ ಯಶಸ್ಸನ್ನೂ ಅಂಕಪಟ್ಟಿಯೊಂದಕ್ಕೇ ಕಟ್ಟುವುದು ನ್ಯಾಯವಲ್ಲ. ಆದರೆ ರೋಗವನ್ನು ಒಪ್ಪಿಕೊಳ್ಳದವನಿಗೆ ಔಷಧವು ನಾಟುವುದಿಲ್ಲ. ಒಪ್ಪಿಕೊಳ್ಳುವಂತೆ ಮಾಡಿದುದು ಆ ಅಂಕಪಟ್ಟಿ.

ಪಹಣಿಯ ಕಥೆ

ಎರಡನೆಯ ಉದಾಹರಣೆಯು ಹಳ್ಳಿಗಳದು. ಹೊಲದ ಒಡೆತನ, ವಿಸ್ತೀರ್ಣ, ಬೆಳೆ, ಸಾಲ ಇವೆಲ್ಲವನ್ನೂ ತಿಳಿಸುವ ಪಹಣಿಯಿಲ್ಲದೆ ರೈತನಿಗೆ ಬ್ಯಾಂಕಿನ ಸಾಲವಿಲ್ಲ, ಮಾರಾಟವಿಲ್ಲ, ನ್ಯಾಯಾಲಯದಲ್ಲಿ ಜಾಮೀನೂ ಕಷ್ಟ. ಈ ದಾಖಲೆಗಳು ಹಿಂದೆ ಶಾನುಭೋಗರ ಕೈಯಲ್ಲಿಯೂ, ಅನಂತರ ಸುಮಾರು ೯,೦೦೦ ಮಂದಿ ಗ್ರಾಮಲೆಕ್ಕಿಗರ ಕೈಯಲ್ಲಿಯೂ ಇದ್ದುವು. ಲೆಕ್ಕಿಗನು ಊರಿನಲ್ಲಿಲ್ಲದಿದ್ದರೆ ಪಹಣಿಯೂ ಇಲ್ಲ. ಅವನ ಮನಸ್ಸು ಒಲಿಯದಿದ್ದರೆ ಅವನು ಎದುರಿಗಿದ್ದರೂ ಇಲ್ಲ. ಪುಸ್ತಕವು ಒಬ್ಬನ ಗಂಟಿನಲ್ಲಿದ್ದುದರಿಂದ, ಅಕ್ಷರವನ್ನು ತಿದ್ದಿದರೆ ಕೇಳುವವರೂ ಇರಲಿಲ್ಲ.

ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯು ೨೦೦೧ರ ಹೊತ್ತಿಗೆ ಸುಮಾರು ೬೭ ಲಕ್ಷ ಹಿಡುವಳಿದಾರರ ೨ ಕೋಟಿ ದಾಖಲೆಗಳನ್ನು ಗಣಕಯಂತ್ರಗಳಿಗೆ ಏರಿಸಿತು. ರೈತನು ತಾಲ್ಲೂಕು ಕಚೇರಿಯ ಕಿಟಕಿಗೆ ಬಂದು, ಆಗ ಗೊತ್ತುಮಾಡಿದ್ದ ೧೫ ರೂಪಾಯಿಗಳನ್ನು ಕೊಟ್ಟು, ನಿಂತ ನಿಲುವಿನಲ್ಲಿಯೇ ಪಹಣಿಯನ್ನು ಪಡೆಯುವಂತಾಯಿತು. ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸಾರಿದರು.

ಯಂತ್ರಕ್ಕಿಂತ ಹೆಚ್ಚಾಗಿ ನಮ್ಮ ಗಮನವನ್ನು ಸೆಳೆಯುವುವು ಅಲ್ಲಿ ಮಾಡಿದ ಮೂರು ಚಿಕ್ಕ ಏರ್ಪಾಡುಗಳು. ಗುಮಾಸ್ತನ ಮುಂದಿರುವ ತೆರೆಯಂತೆಯೇ ಇನ್ನೊಂದು ತೆರೆಯನ್ನು ರೈತನ ಕಡೆಗೆ ತಿರುಗಿಸಿಟ್ಟರು. ಒಳಗೆ ಬರೆಯುವುದು ಹೊರಗೆ ಕಾಣುವಂತಾಯಿತು. ಅಧಿಕಾರಿಯು ತನ್ನ ಬೆರಳಿನ ಗುರುತನ್ನು ಕೊಟ್ಟಲ್ಲದೆ ದಾಖಲೆಯನ್ನು ಮುಟ್ಟುವಂತಿರಲಿಲ್ಲ. ಯಾರು ತಿದ್ದಿದರೆಂಬುದು ಉಳಿಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದುದಕ್ಕೆ ಮೊದಲು ಎಂಬ ಕ್ರಮದಲ್ಲಿಯೇ ನಡೆಸಬೇಕೆಂದು ಯಂತ್ರದಲ್ಲಿಯೇ ಕಟ್ಟುಮಾಡಿದರು. ಹಿಂದಿನವನನ್ನು ಮುಂದಕ್ಕೆ ತರುವ ಅಧಿಕಾರವು ಗುಮಾಸ್ತನ ಕೈತಪ್ಪಿತು. ಹೊಸ ಯಂತ್ರವನ್ನು ಕೊಳ್ಳುವುದು ಹಣವಿದ್ದವರಿಗೆಲ್ಲ ಸಾಧ್ಯ. ಅದನ್ನು ಕಿಟಕಿಯ ಹೊರಗಿನವನ ಕಡೆಗೆ ತಿರುಗಿಸುವುದರಲ್ಲಿ ನಿಜವಾದ ಹೊಸತನವಿದೆ. ಹಾಗೆಂದು ಎಲ್ಲವೂ ನೇರವಾಗಲಿಲ್ಲ. ಸ್ಥಳವನ್ನು ನೋಡಿ, ವಾರಸುದಾರರನ್ನು ವಿಚಾರಿಸಿ ಬರೆಯಬೇಕಾದ ವರದಿಯು ಮನುಷ್ಯನ ಕೈಯಲ್ಲಿಯೇ ಉಳಿಯಿತು. ತೆರೆಯು ಎಲ್ಲಿ ಕಾಣುವುದಿಲ್ಲವೋ ಅಲ್ಲಿ ಹಳೆಯ ರೋಗಕ್ಕೆ ಎಡೆಯಿದ್ದೇ ಇರುತ್ತದೆ.

ಗಡುವಿಗೆ ಕಾನೂನಿನ ಬಲ

ಮೂರನೆಯ ಹೆಜ್ಜೆಯು ‘ಸಕಾಲ’. ಗೊತ್ತಾದ ದಿನದೊಳಗೆ ಸೇವೆಯನ್ನು ಪಡೆಯುವುದು ಪ್ರಜೆಯ ಹಕ್ಕೆಂದು ೨೦೧೦ರಲ್ಲಿ ಮೊದಲು ಕಾನೂನು ಮಾಡಿದುದು ಮಧ್ಯಪ್ರದೇಶ. ಕರ್ನಾಟಕದ ಕಾನೂನು ೨೦೧೧ರದು. ೨೦೧೨ರ ಮಾರ್ಚಿ ತಿಂಗಳಲ್ಲಿ ಔರಾದ್, ಚಿತ್ರದುರ್ಗ, ಧಾರವಾಡ, ಪುತ್ತೂರು ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಿ ನೋಡಿ, ಏಪ್ರಿಲ್ ೨ರಿಂದ ರಾಜ್ಯದಲ್ಲೆಲ್ಲ ಆಚರಣೆಗೆ ತಂದರು. ಮೊದಲು ೧೧ ಇಲಾಖೆಗಳ ೧೫೧ ಸೇವೆಗಳು ಇದಕ್ಕೆ ಒಳಪಟ್ಟಿದ್ದುವು; ಕಾಲಕ್ರಮದಲ್ಲಿ ಸಂಖ್ಯೆಯು ಸಾವಿರವನ್ನು ಮೀರಿತು.

ಇದರ ಕ್ರಮವನ್ನು ಗೃಹಸ್ಥರು ಚೆನ್ನಾಗಿ ತಿಳಿದಿರತಕ್ಕದ್ದು. ಒಂದೊಂದು ಸೇವೆಗೂ ಇಷ್ಟು ದಿನವೆಂಬ ಗಡುವಿದೆ. ಕೊಡಬೇಕಾದ ಅಧಿಕಾರಿ ಯಾರೆಂಬುದೂ ಗೊತ್ತಾಗಿದೆ. ಅರ್ಜಿಯನ್ನು ಕೊಟ್ಟಕೂಡಲೆ ಸಂಖ್ಯೆಯುಳ್ಳ ಒಂದು ರಸೀತಿಯನ್ನು ಕೊಡುತ್ತಾರೆ. ಆ ಸಂಖ್ಯೆಯಿಂದ ಅರ್ಜಿಯು ಎಲ್ಲಿಗೆ ಬಂದಿದೆಯೆಂದು ವಿಚಾರಿಸಬಹುದು. ಸೇವೆಯನ್ನು ನಿರಾಕರಿಸಿದರೆ ಕಾರಣವನ್ನು ಬರೆದು ತಿಳಿಸಬೇಕು. ನಿರಾಕರಿಸಿದ ದಿನದಿಂದ, ಇಲ್ಲವೆ ಗಡುವು ಮುಗಿದ ದಿನದಿಂದ ೩೦ ದಿನಗಳೊಳಗಾಗಿ ಮೇಲಿನ ಅಧಿಕಾರಿಗೆ ಮನವಿ ಮಾಡಿಕೊಳ್ಳಬಹುದು. ತಡವಾದ ದಿನವೊಂದಕ್ಕೆ ೨೦ ರೂಪಾಯಿಗಳಂತೆ, ಒಟ್ಟು ೫೦೦ ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರ ಸಲ್ಲಬೇಕು; ಅದು ತಪ್ಪಿತಸ್ಥನಾದ ನೌಕರನಿಂದಲೇ ವಸೂಲಾಗಬೇಕು.

ಇಪ್ಪತ್ತು ರೂಪಾಯಿಯಿಂದ ಯಾರ ಬಡತನವೂ ನೀಗುವುದಿಲ್ಲ, ಯಾವ ಅಧಿಕಾರಿಯೂ ಬಡವನಾಗುವುದಿಲ್ಲ. ಆದರೂ ಈ ಅಲ್ಪ ಮೊತ್ತದಲ್ಲಿ ಒಂದು ದೊಡ್ಡ ತತ್ತ್ವವಿದೆ. ಕಚೇರಿಯ ಸಮಯಕ್ಕೆ ಮಾತ್ರ ಬೆಲೆಯಿದ್ದ ಕಡೆಯಲ್ಲಿ ಕಾದು ನಿಂತವನ ಸಮಯಕ್ಕೂ ಬೆಲೆಯುಂಟೆಂದು ಕಾನೂನು ಒಪ್ಪಿಕೊಂಡಿತು.

ಅಳತೆಯೇ ದೇವರಾದರೆ

ಇಷ್ಟಾದ ಮೇಲೆ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಅಂಕಿಯನ್ನು ತೋರಿಸಿದರೆ ಸಾಕೆಂದಾದಾಗ ಜನರು ಕೆಲಸವನ್ನು ಬಿಟ್ಟು ಅಂಕಿಯನ್ನು ತಯಾರಿಸಲು ತೊಡಗುತ್ತಾರೆ. ಗಡುವಿನ ಹಿಂದಿನ ದಿನ ಏನೋ ಒಂದು ನೆಪದಿಂದ ಅರ್ಜಿಯನ್ನು ತಿರಸ್ಕರಿಸಿದರೆ ಲೆಕ್ಕದಲ್ಲಿ ಅದು ಸಕಾಲದಲ್ಲಿ ವಿಲೇವಾರಿಯಾದುದೇ ಸರಿ. ರಸೀತಿ ಕೊಡದೆ ಅರ್ಜಿಯನ್ನು ಸುಮ್ಮನೆ ತೆಗೆದಿಟ್ಟುಕೊಂಡರೆ ಗಡುವು ಹುಟ್ಟುವುದೇ ಇಲ್ಲ.

ವ್ಯಾಪಾರಪ್ರಪಂಚವು ಈ ಪಾಠವನ್ನು ದುಬಾರಿಯಾಗಿ ಕಲಿತಿದೆ. ಅಮೆರಿಕದ ವೆಲ್ಸ್ ಫಾರ್ಗೋ ಎಂಬ ಹಳೆಯ ಬ್ಯಾಂಕು, ಒಬ್ಬೊಬ್ಬ ಗಿರಾಕಿಯೂ ತನ್ನಲ್ಲಿ ಎಂಟು ಬಗೆಯ ವ್ಯವಹಾರಗಳನ್ನಿಡುವಂತಾಗಬೇಕೆಂದು ಗುರಿಯಿಟ್ಟು, ನೌಕರರನ್ನು ಆ ಲೆಕ್ಕದಿಂದಲೇ ತೂಗಿತು. ಗಿರಾಕಿಗಳು ಒಪ್ಪದಿದ್ದಾಗ ಅವರಿಗೆ ತಿಳಿಯದಂತೆಯೇ ಅವರ ಹೆಸರಿನಲ್ಲಿ ಖಾತೆಗಳು ಹುಟ್ಟಿದುವು. ೨೦೧೬ರಲ್ಲಿ ಗುಟ್ಟು ಹೊರಬಿದ್ದು ೧೮.೫ ಕೋಟಿ ಡಾಲರುಗಳ ದಂಡವಾಯಿತು. ಸುಮಾರು ೫,೩೦೦ ನೌಕರರು ಕೆಲಸ ಕಳೆದುಕೊಂಡಿದ್ದರೆಂಬುದೂ ಬಯಲಾಯಿತು. ಇಂತಹ ಖಾತೆಗಳು ೩೫ ಲಕ್ಷದವರೆಗೂ ಇದ್ದಿರಬಹುದೆಂದು ಮರುವರ್ಷ ಬ್ಯಾಂಕೇ ಹೇಳಿತು. ಅಳತೆಯು ಬಿಗಿಯಾಗಿತ್ತು, ಆದರೆ ಅಳೆದುದು ಗಿರಾಕಿಯ ಹಿತವನ್ನಲ್ಲ.

ಇದಕ್ಕೆ ಎದುರಾಗಿ ಜಪಾನಿನ ಟೊಯೋಟಾ ಕಾರಖಾನೆಯ ಪದ್ಧತಿಯನ್ನು ನೋಡಬಹುದು; ೧೯೯೯ರಿಂದ ನಮ್ಮ ಬಿಡದಿಯಲ್ಲಿಯೂ ಅದರ ಮೋಟಾರು ಕಾರುಗಳು ತಯಾರಾಗುತ್ತಿವೆ. ಕೆಲಸದ ಸಾಲಿನಲ್ಲಿ ದೋಷವನ್ನು ಕಂಡ ಸಾಮಾನ್ಯ ಕೆಲಸಗಾರನು ಹಗ್ಗವನ್ನೆಳೆದು ಸಹಾಯವನ್ನು ಕರೆಯಬಹುದು. ದೋಷವು ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಸುಧಾರಣೆಯ ಸಲಹೆಗಳನ್ನು ಕೆಲಸಗಾರರಿಂದಲೇ ಬರಮಾಡಿಕೊಳ್ಳುವ ಕ್ರಮವು ಅಲ್ಲಿ ೧೯೫೧ರಿಂದ ನಡೆದು ಬಂದಿದೆ. ಅಲ್ಲಿಯೂ ಅಳತೆಯುಂಟು, ಆದರೆ ಅದು ತಪ್ಪನ್ನು ಮುಚ್ಚುವುದಕ್ಕಲ್ಲ, ತೋರಿಸುವುದಕ್ಕೆ. ತಪ್ಪನ್ನು ತೋರಿಸಿದವನಿಗೆ ಶಿಕ್ಷೆಯಾಗುವ ಕಡೆಯಲ್ಲಿ ಸುಳ್ಳು ಲೆಕ್ಕ ಹುಟ್ಟುತ್ತದೆ. ಮನ್ನಣೆಯಿರುವ ಕಡೆಯಲ್ಲಿ ಸುಧಾರಣೆ ಹುಟ್ಟುತ್ತದೆ. ಒಬ್ಬ ಗುಮಾಸ್ತನ ಮೇಲೆ ಇಬ್ಬರ ಕೆಲಸ ಬಿದ್ದಿದ್ದರೆ ಅದೂ ಲೆಕ್ಕದಲ್ಲಿ ಕಾಣಬೇಕು. ಕಾಣಿಸಿದ ಮೇಲೂ ಅವನಿಗೆ ದಂಡ ವಿಧಿಸುತ್ತಿದ್ದರೆ, ಅಳೆಯುವವನ ದಕ್ಷತೆಯನ್ನೇ ಅಳೆಯಬೇಕಾಗುತ್ತದೆ.

ನಮ್ಮ ಕರ್ತವ್ಯ

ಇದೆಲ್ಲ ಸರಕಾರದ ಕೆಲಸ, ನಮಗೇಕೆ ಎಂದು ವಾಚಕರು ಕೇಳಬಹುದು. ಈ ಮೂರು ಏರ್ಪಾಡುಗಳಲ್ಲಿಯೂ ಜನರ ಪಾಲಿಗೆ ಬಂದ ಕೆಲಸವೊಂದಿದೆ. ಅದನ್ನು ನಾವು ಮಾಡದಿದ್ದರೆ ಯಂತ್ರವೂ ಕಾನೂನೂ ನಿಷ್ಫಲ. ಅರ್ಜಿಯನ್ನು ಕೊಟ್ಟಾಗ ರಸೀತಿಯನ್ನು ಕೇಳಿ ಪಡೆಯಬೇಕು. ನಾಳೆ ಬನ್ನಿ ಎಂಬ ಬಾಯಿಮಾತನ್ನು ರಸೀತಿಯೆಂದು ಬಗೆಯಬಾರದು. ಅದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿಟ್ಟು, ಗಡುವಿನ ದಿನವನ್ನು ಪಂಚಾಂಗದಲ್ಲಿ ಗುರುತು ಹಾಕಬೇಕು. ತಿರಸ್ಕರಿಸಿದರೆ ಕಾರಣವನ್ನು ಬರೆಹದಲ್ಲಿ ಕೇಳಬೇಕು. ಕಾರಣವು ನ್ಯಾಯವಾಗಿ ತೋರದಿದ್ದರೆ ಮೂವತ್ತು ದಿನಗಳೊಳಗೆ ಮನವಿ ಮಾಡಬೇಕು. ಓದುಬರಹ ಬಾರದ ನೆರೆಯವರಿಗೆ, ಮಾಸಾಶನಕ್ಕಾಗಿ ಅಲೆಯುವ ಮುದುಕಿಯರಿಗೆ, ಮನೆಯ ಕಲಿತ ಮಕ್ಕಳು ಇಷ್ಟನ್ನು ಮಾಡಿಕೊಟ್ಟರೆ ಅದಕ್ಕಿಂತ ದೊಡ್ಡ ದೇಶಸೇವೆಯಿಲ್ಲ.

ಮುಖ್ಯವಾಗಿ, ಬೇಗ ಆಗಲೆಂದು ಮೇಜಿನ ಕೆಳಗೆ ಹಣವನ್ನು ನೀಡುವ ಅಭ್ಯಾಸವನ್ನು ಬಿಡಬೇಕು. ನಮ್ಮ ಕೆಲಸವು ಒಂದು ದಿನ ಮೊದಲಾಗಬಹುದು. ಆದರೆ ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದ ಬಡವನ ಕೆಲಸವು ಅಷ್ಟರಮಟ್ಟಿಗೆ ಹಿಂದಕ್ಕೆ ಹೋಗುತ್ತದೆ. ಅಳತೆಯ ಕೋಲಿನ ಒಂದು ತುದಿಯನ್ನು ಸರಕಾರವು ಹಿಡಿದಿದೆ. ಇನ್ನೊಂದು ತುದಿಯನ್ನು ಹಿಡಿಯಬೇಕಾದವರು ನಾವು.