ಏಣಿ, ತಟ್ಟೆ ಮತ್ತು ಹೊಸ ಮೇಷ್ಟ್ರು

ಸರ್ಕಾರಿ ಶಾಲೆಯ ನಲಿಕಲಿ ಕೋಣೆಗೆ ಮೊದಲ ದಿನ ಕಾಲಿಡುವ ಪ್ರಶಿಕ್ಷಣಾರ್ಥಿಯನ್ನು ತಬ್ಬಿಬ್ಬು ಮಾಡುವುದು ಅಕ್ಷರಗಳೇ. ತಾನು ಚಿಕ್ಕಂದಿನಲ್ಲಿ ತಿದ್ದಿದ್ದು ಅ, ಆ, ಇ, ಈ. ಇಲ್ಲಿನ ಮಕ್ಕಳು ಶುರು ಮಾಡುವುದೇ ರ, ಗ, ಸ, ದ, ಅ ಎಂದು. ಯಾರೋ ವರ್ಣಮಾಲೆಯನ್ನು ಕಲಸಿಹಾಕಿದ್ದಾರೆ ಅನ್ನಿಸುತ್ತದೆ. ಆದರೆ ಈ ಐದೇ ಅಕ್ಷರ ಬಂದ ಮಗು ಸರ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ಮೈಸೂರು ಸೀಮೆಯ ಮಗುವಿಗೆ ದಸರವೂ ದಕ್ಕುತ್ತದೆ. ಅ, ಆ, ಇ, ಈ, ಉ ಐದನ್ನೂ ಬಾಯಿಪಾಠ ಮಾಡಿದ ಮಗುವಿಗೆ ಓದಲು ನೆಟ್ಟಗೆ ಒಂದು ಪದವೂ ಸಿಗುವುದಿಲ್ಲ. ರ ಬರೆದು ಪಳಗಿದ ಕೈಗೆ ದ ಬರೆಯುವುದೂ ಸಲೀಸು.

ಈ ಸಂಗತಿಯನ್ನು ಶಿಕ್ಷಕ ತರಬೇತಿಯ ಡಿ.ಎಲ್‌.ಎಡ್‌. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆಯಬಹುದು. ಮನಸ್ಸಿಗೆ ನಾಟಬೇಕಾದರೆ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಯಾವುದಾದರೂ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಜೊತೆ ಚಾಪೆಯ ಮೇಲೆ ಕೂರಬೇಕು.

ನಲಿಕಲಿ ಹುಟ್ಟಿದ್ದು ಇಲ್ಲಿಗೆ ದೂರವೇನಲ್ಲ. 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಗ ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಕೊಳ್ಳೇಗಾಲ, ಯಳಂದೂರು ಎಲ್ಲವೂ ಮೈಸೂರು ಜಿಲ್ಲೆಯೊಳಗೇ ಇದ್ದವು. ಹನೂರಂತೂ ಕೊಳ್ಳೇಗಾಲ ತಾಲ್ಲೂಕಿನ ಒಂದು ಹೋಬಳಿ. ಹೆಗ್ಗಡದೇವನಕೋಟೆಯ ಕಾಡಂಚಿನ ಸರ್ಕಾರಿ ಶಾಲೆಗಳ ಕೆಲವು ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋದರು. ಜಿಡ್ಡು ಕೃಷ್ಣಮೂರ್ತಿಯವರ ಹೆಸರಿನೊಂದಿಗೆ ತಳುಕು ಹಾಕಿಕೊಂಡ ಆ ಶಾಲೆಯ ಆಸುಪಾಸಿನ ಹಳ್ಳಿಗಳಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಒಬ್ಬನೇ ಶಿಕ್ಷಕನಿರುವ ಪುಟ್ಟ ಶಾಲೆಗಳನ್ನು ನಡೆಸುತ್ತಿದ್ದರು. ಹಲವು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಏರ್ಪಾಡು ಅದು. ನೋಡಿ ಬಂದ ಮೇಷ್ಟ್ರುಗಳು ಅದನ್ನು ಹಾಗೆ ಹಾಗೆಯೇ ನಕಲು ಮಾಡಲಿಲ್ಲ. ಕೂತು ಕನ್ನಡದ ಕಾರ್ಡು ಬರೆದರು, ತಮ್ಮ ಕಡೆಯ ಹಾಡು, ಕಥೆ, ಆಟ ಸೇರಿಸಿದರು, ತಮ್ಮ ತರಗತಿಯಲ್ಲಿ ಮಾಡಿ ನೋಡಿದರು, ಪಕ್ಕದೂರಿನ ಮೇಷ್ಟ್ರನ್ನು ಕರೆದು ತೋರಿಸಿದರು. ಯೋಜನೆಯ ಕಡತಕ್ಕಿಂತ ಈ ಕರೆದು ತೋರಿಸಿದ ಭಾಗವೇ ನನಗೆ ಮುಖ್ಯವಾಗಿ ಕಾಣುತ್ತದೆ.

ಕೋಣೆಯೊಳಗೆ ನಡೆಯುವುದು ಹೀಗೆ. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ. ಗೋಡೆಯ ಮೇಲೆ ಕಲಿಕಾ ಏಣಿ. ಅದರ ಮೆಟ್ಟಿಲುಗಳಲ್ಲಿ ಚಿಕ್ಕ ಚಿಕ್ಕ ಚಿತ್ರಗುರುತು, ಸಂಖ್ಯೆ. ಕೆಲವು ಮೆಟ್ಟಿಲು ಸೇರಿ ಒಂದು ಮೈಲುಗಲ್ಲು. ಮಗು ತಾನು ನಿಂತ ಮೆಟ್ಟಿಲು ಹುಡುಕಿ, ಅದೇ ಗುರುತಿನ ಕಾರ್ಡು ತೆಗೆದುಕೊಂಡು ತನ್ನ ಗುಂಪಿನ ತಟ್ಟೆಯ ಮುಂದೆ ಕೂರುತ್ತದೆ. ತಟ್ಟೆಗಳು ಐದು: ಶಿಕ್ಷಕರು ಪೂರ್ತಿ ಜೊತೆಗಿರಬೇಕಾದವರದು, ಸ್ವಲ್ಪ ಕೈಹಿಡಿದರೆ ಸಾಕಾದವರದು, ಗೆಳೆಯರ ಪೂರ್ತಿ ಸಹಾಯ ಬೇಕಾದವರದು, ಗೆಳೆಯರ ಅಷ್ಟಿಷ್ಟು ಸಹಾಯ ಸಾಕಾದವರದು, ತಾನೇ ಕಲಿಯುವವರದು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಕಪ್ಪು ಪಟ್ಟಿ, ತಲೆಯ ಮೇಲೆ ಅವರೇ ಮಾಡಿದ ಚಿತ್ರಗಳು ತೂಗುವ ಚಪ್ಪರ. ಮಿಸ್ಸು ಕುರ್ಚಿಯ ಮೇಲಿದ್ದರೆ ಕೆಲಸ ನಡೆಯುವುದೇ ಇಲ್ಲ.

ಹನೂರಿನಂಥ ಕಡೆ ಇದು ಐಚ್ಛಿಕವಲ್ಲ, ಅನಿವಾರ್ಯ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಐದು ತರಗತಿ, ಇಬ್ಬರು ಮೇಷ್ಟ್ರು: ಒಬ್ಬರು ರಜೆ ಹಾಕಿದರೆ ಅಥವಾ ಕಚೇರಿ ಕೆಲಸಕ್ಕೆ ಹೋದರೆ ಉಳಿಯುವುದು ಒಬ್ಬರೇ. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಇಂಡಿಗನತ್ತ, ಮೆಂದಾರೆ, ತುಳಸಿಕೆರೆಯಂಥ ಊರುಗಳ ದಾರಿ ಗೊತ್ತಿದ್ದವರಿಗೆ ತರಗತಿಗೊಬ್ಬ ಶಿಕ್ಷಕ ಎಂಬ ಮಾತು ಎಷ್ಟು ದೂರದ್ದೆಂದು ಹೇಳಬೇಕಾಗಿಲ್ಲ. ಅಪ್ಪ ಅಮ್ಮನ ಜೊತೆ ಕೂಲಿಗೆ ವಲಸೆ ಹೋದ ಮಗು ತಿಂಗಳು ಬಿಟ್ಟು ಬಂದರೆ ಮಾಮೂಲಿ ತರಗತಿಯಲ್ಲಿ ಪಾಠ ಮುಂದೆ ಹೋಗಿರುತ್ತದೆ, ಮಗು ಹಿಂದೆ ಉಳಿಯುತ್ತದೆ. ಏಣಿಯಲ್ಲಿ ಮಾತ್ರ ಅದರ ಮೆಟ್ಟಿಲು ಬಿಟ್ಟ ಜಾಗದಲ್ಲೇ ಕಾದಿರುತ್ತದೆ.

ಭಾಷೆಯ ತೊಡಕು ಬೇರೆ. 1956ರವರೆಗೆ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದಿಗೂ ಮಾರ್ಟಳ್ಳಿ, ಹೂಗ್ಯಂ, ಗೋಪಿನಾಥಂ ಕಡೆ ಅನೇಕ ಮನೆಗಳ ಮಾತು ತಮಿಳು. ಕಾಡಿನ ಹಾಡಿಗಳಾದ ಪೋಡುಗಳಲ್ಲಿರುವ ಸೋಲಿಗರ ನುಡಿ ಕನ್ನಡಕ್ಕೆ ಹತ್ತಿರದ್ದೇ ಆದರೂ ಪಠ್ಯದ ಕನ್ನಡವಲ್ಲ. ಬೆಂಗಳೂರಿನಿಂದ ಅಚ್ಚಾಗಿ ಬಂದ ಕಾರ್ಡಿಗೆ ಇದೆಲ್ಲ ಗೊತ್ತಿರುವುದಿಲ್ಲ. ಪ್ರಶಿಕ್ಷಣಾರ್ಥಿಗೆ ನಿಜವಾದ ಕೆಲಸ ಇರುವುದು ಇಲ್ಲೇ. ಅಂಕ ಕೊಡುವವರನ್ನು ಮೆಚ್ಚಿಸಲು ಥರ್ಮಾಕೋಲಿನ ಜ್ವಾಲಾಮುಖಿ ಮಾಡುವ ಬದಲು, ಮನೆಯ ಪದವನ್ನೂ ಪುಸ್ತಕದ ಪದವನ್ನೂ ಒಂದೇ ಚಿತ್ರದ ಕೆಳಗೆ ಬರೆದ ಹತ್ತು ಕಾರ್ಡು ಮಾಡಲಿ. ಎಣಿಕೆಗೆ ಹುಣಸೆ ಬೀಜ, ಹೊಂಗೆ ಬೀಜ ಇವೆ. ಕೊಳ್ಳೇಗಾಲದ ಸುತ್ತ ರೇಷ್ಮೆ ಗೂಡಿಗೇನು ಬರ? ಹತ್ತರ ಗುಂಪು ಮಾಡಲು ಅದಕ್ಕಿಂತ ಹಗುರವಾದ, ಮಕ್ಕಳಿಗೆ ಪರಿಚಿತವಾದ ಸಾಮಗ್ರಿ ಅಂಗಡಿಯಲ್ಲಿ ಸಿಗದು. ಕಂಸಾಳೆಯವರಿಂದ ಮಾದಪ್ಪನ ಕಥೆಯನ್ನು ರಾತ್ರಿಯೆಲ್ಲ ಕೇಳುವ ನಾಡು ಇದು. ಹಾಡಿನಿಂದ ಪಾಠ ಶುರುವಾದರೆ ಇಲ್ಲಿನ ಮಕ್ಕಳು ಅರ್ಧ ದಾರಿ ತಾವೇ ಬರುತ್ತಾರೆ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಇದಕ್ಕೊಂದು ಹಳೆಯ ಮಾದರಿ ಉಂಟು. 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆಯ ಜೊತೆಗೆ ಸೋಲಿಗ ಮಕ್ಕಳಿಗಾಗಿ ಶಾಲೆಯನ್ನೂ ನಡೆಸುತ್ತ ಬಂದಿದೆ. ಗಿಡ, ಜೇನು, ಹಕ್ಕಿಯ ಬಗ್ಗೆ ಮಗು ಮೊದಲೇ ಬಲ್ಲದ್ದನ್ನು ಅಳಿಸದೆ ಅಕ್ಷರ ಕಲಿಸುವುದು ಅಲ್ಲಿನ ಆಶಯ. ಪ್ರಶಿಕ್ಷಣಾರ್ಥಿಗಳು ಪ್ರವಾಸಕ್ಕೆ ಹೋದಾಗ ದೇವಸ್ಥಾನ ನೋಡಿ ವಾಪಸಾಗದೆ ಇಲ್ಲಿಯೂ ಒಂದು ಹೊತ್ತು ನಿಲ್ಲಬಹುದು.

ನಲಿಕಲಿಯ ಮುಂದಿನ ಕಥೆ ಅಷ್ಟು ನಲಿವಿನದಲ್ಲ. 2009-10ರಲ್ಲಿ ಸರ್ಕಾರ ಇದನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಒಟ್ಟಿಗೆ ವಿಸ್ತರಿಸಿತು. ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ವರ್ಷಗಟ್ಟಲೆ ಮಾಡಿ ಕಲಿತದ್ದು ಉಳಿದವರಿಗೆ ಕೆಲವೇ ದಿನಗಳ ತರಬೇತಿಯಾಗಿ, ಸುತ್ತೋಲೆಯಾಗಿ, ಕಾರ್ಡಿನ ಪೆಟ್ಟಿಗೆಯಾಗಿ ತಲುಪಿತು. ಹರಿದ ಕಾರ್ಡು ಬದಲಾಗದ ಕಡೆ, ಏಣಿಯ ಲೆಕ್ಕ ತುಂಬುವುದೇ ಹೊರೆಯಾದ ಕಡೆ ಅದು ಗೋಡೆಯ ಅಲಂಕಾರವಾಗಿ ಉಳಿಯಿತು. ‘ಪುಸ್ತಕವಿಲ್ಲ, ಹೋಮ್‌ವರ್ಕ್ ಇಲ್ಲ, ಬರೀ ಆಟ’ ಎಂದು ತಂದೆತಾಯಿ ಕಾನ್ವೆಂಟಿನ ಬಸ್ಸಿನತ್ತ ನೋಡಿದ್ದೂ ನಿಜ. ಗಡಿಯಾಚೆ ತಮಿಳುನಾಡಿನಲ್ಲಿ, ಇದೇ ರಿಷಿ ವ್ಯಾಲಿಯ ಮೂಲದಿಂದ 2003ರಲ್ಲಿ ಚೆನ್ನೈ ಪಾಲಿಕೆಯ ಶಾಲೆಗಳಲ್ಲಿ ಶುರುವಾದ ಚಟುವಟಿಕೆ ಆಧಾರಿತ ಕಲಿಕೆಯೂ ಕೆಲವೇ ವರ್ಷಗಳಲ್ಲಿ ರಾಜ್ಯವ್ಯಾಪಿಯಾಯಿತು. 1970ರ ದಶಕದಲ್ಲಿ ಕೊಲಂಬಿಯಾದ ಹಳ್ಳಿಗಳಲ್ಲಿ ಹುಟ್ಟಿದ ‘ಎಸ್ಕುಯೆಲಾ ನುಯೇವಾ’ ಶಾಲೆಗಳದೂ ಇಂಥದೇ ಬಹುತರಗತಿಯ ದಾರಿ. ಅಲ್ಲಿ ಶಿಕ್ಷಕರು ಒಬ್ಬರ ಶಾಲೆಗೆ ಒಬ್ಬರು ಹೋಗಿ ನೋಡಿ ಕಲಿಯುವುದಕ್ಕೆ ತರಬೇತಿಯಷ್ಟೇ ಬೆಲೆ.

ನಮ್ಮಲ್ಲೂ ಅದಕ್ಕೆ ಜಾಗವಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಗಳಂತೆ ಎರಡು ವರ್ಷದ ಡಿ.ಎಲ್‌.ಎಡ್‌. ಕೋರ್ಸಿನಲ್ಲಿ ಪ್ರಶಿಕ್ಷಣಾರ್ಥಿಗಳು 20 ವಾರ ಶಾಲೆಯಲ್ಲೇ ಕಳೆಯಬೇಕು. ಆ ಹೊತ್ತಿನಲ್ಲಿ ಹುಡುಗ ಹುಡುಗಿಯರು ಒಳ್ಳೆಯ ಕೆಲಸಗಳನ್ನು ಮಾಡುತ್ತಾರೆ. ಯಾವ ಕಾರ್ಡು ಕೈಕೊಟ್ಟಿತು, ಯಾವ ಆಟಕ್ಕೆ ಮಾತೇ ಆಡದ ಮಗು ಬಾಯಿಬಿಟ್ಟಿತು ಎಂಬುದು ಅವರಿಗೆ ಗೊತ್ತಾಗಿರುತ್ತದೆ. ಆಮೇಲೆ ಅದೆಲ್ಲ ರೆಕಾರ್ಡ್ ಪುಸ್ತಕವಾಗಿ, ಮೊಹರು ಬಿದ್ದು, ಬೀರು ಸೇರುತ್ತದೆ. ಇತ್ತ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಅದೇ ಶಾಲೆಗಳ ಮೇಷ್ಟ್ರುಗಳು ಅಂಕಿಅಂಶದ ನಮೂನೆ ತುಂಬುತ್ತ ಕೂತಿರುತ್ತಾರೆ.

ಕೊಳ್ಳೇಗಾಲ, ಹನೂರು, ಯಳಂದೂರಿನ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಲ್ಲಿ (ಸಿ.ಆರ್‌.ಪಿ.), ಮುಖ್ಯಶಿಕ್ಷಕರಲ್ಲಿ ಒಂದು ವಿನಂತಿ: ಮುಂದಿನ ಸಮಾಲೋಚನಾ ಸಭೆಗೆ ನಿಮ್ಮ ಶಾಲೆಯ ಪ್ರಶಿಕ್ಷಣಾರ್ಥಿಯನ್ನೂ ಕರೆದುಕೊಂಡು ಬನ್ನಿ. ಭಾಷಣ ಬೇಡ, ಪಿಪಿಟಿ ಬೇಡ. ತಾವು ಮಾಡಿದ ಕಾರ್ಡುಗಳನ್ನು ನೆಲದ ಮೇಲೆ ಹರಡಿ ತೋರಿಸಲು ಅರ್ಧ ಗಂಟೆ ಕೊಡಿ, ಹೊರಡುವಾಗ ಒಂದೊಂದು ಪ್ರತಿ ಕೇಳಿ ತೆಗೆದುಕೊಂಡು ಹೋಗಿ.