ತಲೆಗೆ ಮೂರು ರೂಪಾಯಿ ನಲವತ್ತು ಪೈಸೆ

ರಾಜ್ಯ ಸರ್ಕಾರ 2024ರ ಆಗಸ್ಟ್ 1ರಂದು ಸೈಬರ್ ಭದ್ರತಾ ನೀತಿಯನ್ನು ಹೊರತಂದಿತು. ಐದು ವರ್ಷಕ್ಕೆ ಅಂದಾಜಿಸಿದ ವೆಚ್ಚ 103.87 ಕೋಟಿ ರೂಪಾಯಿ. 2011ರ ಜನಗಣತಿಯ 6.11 ಕೋಟಿ ಜನರಿಗೆ ಹಂಚಿದರೆ ತಲೆಗೆ 17 ರೂಪಾಯಿ, ವರ್ಷಕ್ಕೆ 3 ರೂಪಾಯಿ 40 ಪೈಸೆ. ಅದರಲ್ಲೂ 23.74 ಕೋಟಿ ಪ್ರೋತ್ಸಾಹಧನ, ರಿಯಾಯಿತಿಗಳಿಗೆ. ಮಿಕ್ಕಿದ್ದು ಆಸ್ಪತ್ರೆಗಳಿಗಷ್ಟೇ ಅಲ್ಲ, ಎಲ್ಲದಕ್ಕೂ.

ಇತ್ತ ಆರೋಗ್ಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ ಕೇಂದ್ರ ಸಂಪುಟ 2022ರಲ್ಲಿ ಐದು ವರ್ಷಕ್ಕೆ 1,600 ಕೋಟಿ ಒಪ್ಪಿತು. ನಮ್ಮ ವಿಜಯನಗರ ಜಿಲ್ಲೆಯ ಗುಡೇಕೋಟೆ ಹೋಬಳಿಯ ಬಿ.ಪಿ., ಶುಗರ್ ರೋಗಿಗೂ ಈಗ 14 ಅಂಕಿಯ ಆಭಾ ಸಂಖ್ಯೆ ಮಾಡಿಸಿಕೊಳ್ಳಲು ಹೇಳುತ್ತಾರೆ. ದಾಖಲೆ ಕೊಡಿ ಎಂದು ಕೇಳಿದವರೇ ಅದನ್ನು ಕಾಯಬೇಕು. ಕಾಯಲು ಎಷ್ಟು ಬೇಕು?

ದೆಹಲಿಯ ಏಮ್ಸ್ ಆಸ್ಪತ್ರೆಯನ್ನು ನೋಡಿ. 2022ರ ನವೆಂಬರ್ 23ರಂದು ಸೈಬರ್ ದಾಳಿಯಾಯಿತು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿತ್ತು. ಸುಮಾರು ಎರಡು ವಾರ ಚೀಟಿ, ವರದಿ ಎಲ್ಲವನ್ನೂ ಕೈಯಲ್ಲೇ ಬರೆದರು. ಅಲ್ಲಿದ್ದುದು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಇ-ಹಾಸ್ಪಿಟಲ್ ತಂತ್ರಾಂಶ. ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲೂ ಅದು ಬಳಕೆಯಲ್ಲಿದೆ. ಏಮ್ಸ್‌ನ ಆ ದಾಖಲೆ ಮರಳಿ ಸಿಕ್ಕಿದ್ದು ದಾಳಿ ತಟ್ಟದ ಒಂದು ಬ್ಯಾಕಪ್ ಸರ್ವರ್‌ನಿಂದ. ನನ್ನ ಲೆಕ್ಕವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಹಳ್ಳಿ ಆಸ್ಪತ್ರೆಯೊಂದಕ್ಕೆ ದಿನಕ್ಕೆ 100 ಜನ ಬರುತ್ತಾರೆ, ವರ್ಷದಲ್ಲಿ 300 ದಿನ ಎಂದಿಟ್ಟುಕೊಳ್ಳೋಣ. ಒಬ್ಬರ ಬರಹದ ದಾಖಲೆ 50 ಕಿಲೋಬೈಟ್ ಆದರೂ ವರ್ಷಕ್ಕೆ ಒಂದೂವರೆ ಗಿಗಾಬೈಟ್. ಐದಾರು ಸಾವಿರ ರೂಪಾಯಿಯ ಒಂದು ಟೆರಾಬೈಟ್ ಹಾರ್ಡ್‌ಡಿಸ್ಕ್‌ಗೆ ಅದು ಏನೇನೂ ಅಲ್ಲ. ಎರಡು ಡಿಸ್ಕ್ ಇಟ್ಟುಕೊಂಡು, ಒಂದನ್ನು ಕಂಪ್ಯೂಟರಿನಿಂದ ಕಳಚಿ ಬೀರುವಿನಲ್ಲಿಟ್ಟರೆ ಖರ್ಚು ಹೆಚ್ಚೆಂದರೆ 12,000.

ನಷ್ಟದ ಲೆಕ್ಕವನ್ನೂ ಹಾಕೋಣ. 2025-26ಕ್ಕೆ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಕಂಪ್ಯೂಟರ್ ಕೆಟ್ಟಿದೆ, ನಾಳೆ ಬನ್ನಿ ಎಂದು 100 ಜನರನ್ನು ತಿರುಗಿ ಕಳಿಸಿದರೆ ಒಂದೇ ದಿನಕ್ಕೆ 37,000 ರೂಪಾಯಿ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಶೇಂಗಾ ಕೀಳುವ ದಿನಗಳಲ್ಲಿ ಈ ಪೆಟ್ಟು ಇನ್ನೂ ಜೋರು.

ದುಡ್ಡೇ ಬೇಡದ ಕೆಲಸವೂ ಇದೆ. 2017ರ ಮೇ 12ರಂದು ವಾನ್ನಾಕ್ರೈ ಎಂಬ ಕುತಂತ್ರಾಂಶ ಇಂಗ್ಲೆಂಡಿನ ಆಸ್ಪತ್ರೆಗಳನ್ನು ಹೊಕ್ಕಾಗ ಸುಮಾರು 19,000 ಭೇಟಿಗಳು ರದ್ದಾದವು, ನಷ್ಟ 9.2 ಕೋಟಿ ಪೌಂಡ್ ಎಂದು ಅಲ್ಲಿನ ಸರ್ಕಾರ ಅಂದಾಜಿಸಿತು. ಆ ತೂತು ಮುಚ್ಚುವ ಉಚಿತ ಅಪ್‌ಡೇಟ್ 59 ದಿನ ಮೊದಲೇ, ಮಾರ್ಚ್ 14ರಂದು ಬಂದಿತ್ತು. ಈಗ ವಿಂಡೋಸ್ 10ರ ಸಾಮಾನ್ಯ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ನಡೆಯುತ್ತಿರುವ ಆಸ್ಪತ್ರೆ ಕಂಪ್ಯೂಟರುಗಳ ಪಟ್ಟಿಯನ್ನು ಜಿಲ್ಲಾಡಳಿತ ಮೊದಲು ಮಾಡಬೇಕು.

ಆದರೆ ಡಿಸ್ಕ್ ಕಳಚಿಡುವವರು ಯಾರು? ದಾಳಿ ಗೊತ್ತಾದ ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, 180 ದಿನದ ಲಾಗ್ (ಕಂಪ್ಯೂಟರ್ ಚಟುವಟಿಕೆಯ ದಾಖಲೆ) ಇಟ್ಟಿರಬೇಕು ಎಂಬುದು 2022ರ ಏಪ್ರಿಲ್ 28ರ ಆದೇಶ. ಹೆರಿಗೆ, ಚುಚ್ಚುಮದ್ದು, ಹಾವು ಕಡಿತದ ನಡುವೆ ಇರುವ ವೈದ್ಯಾಧಿಕಾರಿಯ ತಲೆಗೆ ಇದನ್ನೂ ಕಟ್ಟುವುದು ಅನ್ಯಾಯ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೊಸಪೇಟೆ: ಆರು ತಾಲ್ಲೂಕಿಗೆ ಒಬ್ಬೊಬ್ಬ ತಂತ್ರಜ್ಞರನ್ನು ತಿಂಗಳಿಗೆ 30,000 ಸಂಬಳಕ್ಕೆ ನೇಮಿಸಿದರೆ ವರ್ಷಕ್ಕೆ 21.6 ಲಕ್ಷ. 2011ರ ಜನಗಣತಿಯಂತೆ ಜಿಲ್ಲೆಯ ಸುಮಾರು 13.5 ಲಕ್ಷ ಜನಕ್ಕೆ ಹಂಚಿದರೆ ತಲೆಗೆ 1 ರೂಪಾಯಿ 60 ಪೈಸೆ.