ಡಬ್ಬಾ ಸೇರಲಿಲ್ಲ, ಗುಂಡಿ ಸೇರಿತು!

ಸಿನಿಮಾ ಗೆದ್ದರೆ ಅದರ ಆಟವೂ ಗೆಲ್ಲಬೇಕೆ? 1982ರಲ್ಲಿ ಸ್ಪೀಲ್‌ಬರ್ಗ್‌ರ ‘ಇ.ಟಿ.’ ಗಲ್ಲಾಪೆಟ್ಟಿಗೆ ಸೂರೆಹೊಡೆಯಿತು. ಕ್ರಿಸ್‌ಮಸ್‌ಗೇ ಅದರ ವಿಡಿಯೋ ಗೇಮ್ ಬೇಕೆಂದಿತು ಅಟಾರಿ ಕಂಪನಿ. ಹೊವಾರ್ಡ್ ಸ್ಕಾಟ್ ವಾರ್ಷಾಗೆ ಸಿಕ್ಕಿದ್ದು ಐದೇ ವಾರ! ಆಟದಲ್ಲಿ ಗುಂಡಿಗೆ ಬೀಳೋದು, ಏಳೋದು, ಮತ್ತೆ ಬೀಳೋದು... ಲಕ್ಷಗಟ್ಟಲೆ ಕಾರ್ಟ್ರಿಜ್ ಮಾರಾಟವಾಗದೆ ಉಳಿದವು. 1983ರಲ್ಲಿ ನ್ಯೂ ಮೆಕ್ಸಿಕೋದ ಕಸದ ಗುಂಡಿಯಲ್ಲಿ ಹೂತ ಸರಕನ್ನು 2014ರಲ್ಲಿ ಅಗೆದಾಗ ‘ಇ.ಟಿ.’ಯೂ ಮೇಲೆದ್ದು ಬಂತು.

ಬುದ್ಧಿ ಬಂತೆ? ಎಲ್ಲಿ ಸ್ವಾಮಿ! 2020ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ 2077’ ಅರೆಬೆಂದೇ ಬಂತು. ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ಇಳಿಸಿತು. ಆಮೇಲೆ ತೇಪೆ ಹಾಕಿ ಹಾಕಿ ಆಟ ಚೇತರಿಸಿಕೊಂಡಿತು, ನಿಜ. ಆದರೆ ‘ಆಮೇಲೆ ತಿದ್ದಿದರಾಯ್ತು’ ಅನ್ನೋ ಧೈರ್ಯವೇ ಈಗಿನ ರೋಗ.

ಆಟಗಾರನಾಗಿ ನಾನು ಕೇಳೋದಿಷ್ಟೇ: ಡಬ್ಬಿಂಗ್ ಮುಗಿಯದ ಚಿತ್ರಕ್ಕೆ ಟಿಕೆಟ್ ಹರಿದರೆ ನೀವು ಸುಮ್ಮನಿರ್ತೀರಾ?